ವಜ್ರಮಹೋತ್ಸವದ ಫೋಟೋ

ಯಾರಾದರೂ ಮನೆಗೆ ಕರೆದುಕೊಂಡು ಹೋಗುವ ತನಕ ಅನಾಥ ಮಕ್ಕಳು ಬೆಳೆಯುವುದಿಲ್ಲ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಮಕ್ಕಳ ಸೇವಾ ಕೇಂದ್ರದ ದರ್ಜಿ ಪ್ರತಿವರ್ಷ ಹಳೆಯ ಅಳತೆಗೇ ಹೊಸ ಬಟ್ಟೆ ಹೊಲಿಯುತ್ತಿದ್ದ.

ಕೇಂದ್ರದ ಅರವತ್ತು ವರ್ಷದ ಇತಿಹಾಸ ಬರೆಯಲು ಕುಳಿತ ಮೇಲ್ವಿಚಾರಕಿ ಅನಸೂಯಾ, ಉದ್ಘಾಟನೆಯ ದಿನದ ಫೋಟೋ ನೋಡಿ ಕೂತಲ್ಲೇ ಕಲ್ಲಾದಳು. ಮುಂದಿನ ಸಾಲಿನಲ್ಲಿ ಬಿದ್ದ ಹಲ್ಲಿನ ಸಂದಿ ತೋರಿಸಿ ನಗುತ್ತಿದ್ದವಳು ತುಂಗಿ. ಈಚೆಗೆ ಬಂದವಳೆಂದು ಅನಸೂಯಾ ತಿಳಿದಿದ್ದ, ಈಗ ಪಕ್ಕದಲ್ಲೇ ಪೆನ್ಸಿಲ್ ಚೂಪು ಮಾಡುತ್ತಿದ್ದ ತುಂಗಿ.

"ಅರವತ್ತು ವರ್ಷ... ನಿನ್ನ ಯಾರೂ ಕರಕೊಂಡು ಹೋಗ್ಲಿಲ್ಲೇನವಾ?" ಅನಸೂಯಾ ಅತ್ತುಬಿಟ್ಟಳು.

ತುಂಗಿ ಫ್ರಾಕಿನ ಅಂಚಿನಿಂದ ಅವಳ ಕಣ್ಣೊರೆಸಿದಳು.

"ಅಳಬ್ಯಾಡ್ರಿ ಅಕ್ಕಾರ. ನಿಮಗಿಂತ ಮೊದಲಿದ್ದ ಅಕ್ಕಾರೂ ಈ ಫೋಟೋ ನೋಡಿ ಹಿಂಗ ಅತ್ತಿದ್ರು. ಆಮ್ಯಾಲ ರಿಟೈರ್ ಆಗಿ ಹೋದ್ರು."