ಹದಿನೈದರ ಹುಡುಗಿಗೊಂದು ಕಾದಂಬರಿ

ಕಾದಂಬರಿಯ ನಲವತ್ತನೇ ಪುಟದಲ್ಲಿ ನೇರಳೆ ಕಲೆ. ದ್ರಾಕ್ಷಿರಸ ಹತ್ತಿದ ಬೆರಳಿನ ಗುರುತು. ಅಷ್ಟು ಸಣ್ಣ ಬೆರಳು ಗಂಡಸಿನದಲ್ಲ ಎಂದು ಶ್ಯಾಮಣ್ಣನಿಗೆ ಕಂಡ ಕೂಡಲೇ ತಿಳಿಯಿತು. ಮುಂದಿನ ಹಾಳೆಯ ಸಂದಿನಲ್ಲಿ ಉದ್ದನೆಯ ಕೂದಲೊಂದಿತ್ತು.

ಲೈಬ್ರರಿಯ ಮೇಜಿನ ಆಚೆ, ಪುಸ್ತಕ ವಾಪಸ್ಸು ತಂದ ಚಿಕ್ಕಬೈರಪ್ಪ ನಿಂತಿದ್ದ. ಕಾಡುಗೋಡಿಯ ರೈಲ್ವೆ ಹಳಿಯಾಚೆಗಿನ ದ್ರಾಕ್ಷಿ ತೋಟದ ಯಜಮಾನ. ಅರವತ್ತರ ಹತ್ತಿರ ವಯಸ್ಸು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಎಲೆಅಡಿಕೆ ರಸ ಕಟವಾಯಿಂದ ಇಳಿದು ಗಲ್ಲದ ಬಿಳಿ ಕುರುಚಲಿನಲ್ಲಿ ಸಿಕ್ಕಿಕೊಂಡಿತ್ತು.

“ಇಂತದ್ದೇ ಇನ್ನೊಂದು ಕೊಡಿ ಸಾರ್. ಅದಿನೈದು ವರ್ಸದ ಎಣ್ಣುಮಗೀಗೆ ಇಡಿಸ್ಬೇಕು.”

ಯಾರಿಗೆ ಎಂದು ಶ್ಯಾಮಣ್ಣ ಕೇಳಿದ. ನೆಂಟರ ಮಗು ಎಂದ ಮುದುಕ, ನೆಲ ನೋಡುತ್ತ. ಮೂರು ವಾರದಿಂದ ಅದೇ ಉತ್ತರ, ಅದೇ ನೆಲ. ಆಮೇಲೆ ತಲೆಯೆತ್ತಿ ಕೆಂಪು ಹಲ್ಲು ಬಿಟ್ಟು ನಕ್ಕ. “ಈ ವಯಸ್ಸಿನ ಎಣ್ಮಕ್ಳ ಮನಸು ನಿಮ್ಗೆ ಚೆನ್ನಾಗಿ ಗೊತ್ತಲ್ಲ ಸಾರ್.”

ಪುಸ್ತಕವನ್ನು ಶ್ಯಾಮಣ್ಣ ಕೈಗೆ ಕೊಡಲಿಲ್ಲ. ಮೇಜಿನ ಮೇಲೆ ತಳ್ಳಿದ. ಮುದುಕ ಹೋದ ಮೇಲೆ ನಲ್ಲಿಯ ಬಳಿ ಹೋಗಿ ಎರಡು ಸಲ ಕೈ ತೊಳೆದ.

ಆಂಜಿನಪ್ಪನ ಮಗಳು ಕೃಷ್ಣಮ್ಮ ಮನೆಬಿಟ್ಟು ಹೋಗಿಯೂ ಮೂರು ವಾರವಾಗಿತ್ತು.

ಊರಿಗೆಲ್ಲ ಆಂಜಿನಪ್ಪ ಹೇಳಿದ್ದು ಬೇರೆ: ಮಗಳು ಚಂದಾಪುರದ ಅತ್ತೆಯ ಮನೆಗೆ ಹೋಗಿದ್ದಾಳೆ. ನಿಜ ತಿಳಿದಿದ್ದದ್ದು ಅವನಿಗೆ ಮತ್ತು ಶ್ಯಾಮಣ್ಣನಿಗೆ ಮಾತ್ರ. ಹತ್ತನೇ ತರಗತಿಯ ಹುಡುಗಿ ಬೆಳಿಗ್ಗೆ ಸ್ಕೂಲ್ ಚೀಲ ಹಿಡಿದು ಹೊರಟವಳು ಸಂಜೆ ಬರಲಿಲ್ಲ.

ಆ ಹುಡುಗಿಗೆ ಓದಿನ ರುಚಿ ಹತ್ತಿಸಿದವನೇ ಶ್ಯಾಮಣ್ಣ. ರಾಜಕುಮಾರಿಯರ ಕತೆಗಳಿಂದ ಹಿಡಿದು ದೊಡ್ಡವರ ಕಾದಂಬರಿಗಳವರೆಗೆ ಎರಡು ವರ್ಷ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದ್ದ. ಹೊಸ ಪುಸ್ತಕ ಬಂದರೆ ನಂಬರು ಬೀಳುವ ಮೊದಲೇ ಅವಳಿಗೆಂದು ತೆಗೆದಿಡುತ್ತಿದ್ದ. ಅವಳು ಬಾರದ ವಾರ ತಾನೇ ಮನೆಗೆ ಒಯ್ದು ಕೊಟ್ಟದ್ದೂ ಉಂಟು. ಸರ್ಕಾರಿ ನೌಕರಿಯ ಮನುಷ್ಯ ಮನೆಬಾಗಿಲಿಗೆ ಬಂದನೆಂದು ಆಂಜಿನಪ್ಪ ಕಾಫಿ ಕೊಡದೆ ಕಳಿಸುತ್ತಿರಲಿಲ್ಲ. ಹೆಂಡತಿ ಸತ್ತ ಮೇಲೆ ಶ್ಯಾಮಣ್ಣನಿಗೆ ಅಷ್ಟು ಆದರ ತೋರಿಸಿದ ಮನೆ ಅದೊಂದೇ.

ಕೊನೆಯ ದಿನ ಅವಳು ಕೇಳಿದ ಪ್ರಶ್ನೆ ಅವನಿಗಿನ್ನೂ ನೆನಪಿತ್ತು. “ಸಾರ್, ಹುಡುಗಿ ಕಡೇವರೆಗೂ ಒಪ್ಪದೇ ಇರೋ ಕಾದಂಬರಿ ಇದ್ಯಾ?” ಅವನು ನಕ್ಕಿದ್ದ. ಒಳ್ಳೆಯ ಕಾದಂಬರಿ ಮದುವೆಯಲ್ಲೇ ಮುಗಿಯಬೇಕು ಅಂದಿದ್ದ. ಅವನು ತೆಗೆದಿಟ್ಟಿದ್ದ ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಅವಳು ಹೊರಟುಹೋಗಿದ್ದಳು. ಆಗಲೇ ಈ ಮುದುಕ ಗಂಟುಬಿದ್ದಿದ್ದಿರಬೇಕು. ಪಾಪ, ಬಾಯಿಬಿಟ್ಟು ಹೇಳಲಾಗದೆ ಹಾಗೆ ಕೇಳಿದ್ದಾಳೆ.

ಆ ಮೂರು ವಾರ ಅವನಿಗೆ ಅನ್ನ ಸೇರಲಿಲ್ಲ. ಮನೆಗೆ ಹೊಸದಾಗಿ ಹೊಡೆಸಿದ ಸುಣ್ಣದ ವಾಸನೆಗೂ ಓಕರಿಕೆ ಬರುತ್ತಿತ್ತು. ಕಣ್ಣು ಮುಚ್ಚಿದರೆ ಆ ಕೆಂಪು ಬಾಯಿ, ಅದರ ಪಕ್ಕದಲ್ಲಿ ಕೃಷ್ಣಮ್ಮ.

ಕಲೆ ಕಂಡ ಮರುದಿನವೇ ಶ್ಯಾಮಣ್ಣ ಅದನ್ನು ಆಂಜಿನಪ್ಪನಿಗೆ ಹೇಳಿ, ಪೊಲೀಸರ ಬಳಿ ಹೋಗೋಣ ಎಂದ. ಆಂಜಿನಪ್ಪ ಹೆದರಿದ. ಪೊಲೀಸು ಬೇಡ, ಒಂದರ ಹಿಂದೊಂದು ಬಿಚ್ಚಿಕೊಳ್ಳುತ್ತದೆ ಎಂದು ಗೋಗರೆದ. ಶ್ಯಾಮಣ್ಣ ಬಿಡಲಿಲ್ಲ.

“ಮಗಳು ಕಾಣ್ತಿಲ್ಲ, ಮುದುಕನ ಮೇಲೆ ಅನುಮಾನ ಅನ್ನು. ಬೇರೇನೂ ಹೇಳ್ಬೇಡ.”

ಹತ್ತು ಗಂಟೆ ಬಿಸಿಲಿಗೆ ಸಬ್ ಇನ್ಸ್‌ಪೆಕ್ಟರ್ ತೋಟಕ್ಕೆ ಬಂದರು. ಹಿಂದೆ ಶ್ಯಾಮಣ್ಣ, ಅವನ ಹಿಂದೆ ಕಾಲೆಳೆಯುತ್ತ ಆಂಜಿನಪ್ಪ. ಚಪ್ಪರದಡಿ ಉದುರಿ ಕೊಳೆತ ಹಣ್ಣು ಕಾಲಿಗೆ ಅಂಟುತ್ತಿತ್ತು. ನೊಣ ಮುತ್ತಿತ್ತು. ಈ ಹೊಲಸಿನಲ್ಲಿ ಇಟ್ಟಿದ್ದಾನಲ್ಲ ಎಂದು ಶ್ಯಾಮಣ್ಣ ಉಗುಳಿದ.

ಬಾಗಿಲಲ್ಲಿ ಚಿಕ್ಕಬೈರಪ್ಪನ ಅಕ್ಕ ಬೈರಮ್ಮ ಕೂತಿದ್ದಳು. ಒಳಗೆ ಕೃಷ್ಣಮ್ಮ, ತೊಡೆಯ ಮೇಲೆ ಲೆಕ್ಕದ ಪುಸ್ತಕ. ಬೈರಮ್ಮ ಎದ್ದು ನಿಲ್ಲಲಿಲ್ಲ, ಬೆಚ್ಚಲೂ ಇಲ್ಲ. ಹಳಿ ಪಕ್ಕದಲ್ಲಿ ಅಳುತ್ತ ಕೂತಿದ್ದ ಹುಡುಗಿಯನ್ನು ತಾನೇ ಕರೆತಂದೆ ಎಂದಳು. ಹುಡುಗಿ ಮಲಗುವುದು ತನ್ನ ಮಗ್ಗುಲಲ್ಲಿ. ಅಂದಿನಿಂದ ತಮ್ಮನ ಹಾಸಿಗೆ ಪಂಪಿನ ಮನೆಯಲ್ಲಿ. ಪರೀಕ್ಷೆ ಬರೆಯುವ ಮಗು, ಓದಿ ಬೇಸರವಾದಾಗ ಕತೆ ಪುಸ್ತಕ ಬೇಕು ಅಂತು. ತನ್ನ ಹೆಸರು ಹೇಳಬೇಡಿ ಅಂತಲೂ ಅಂತು. ಅದಕ್ಕೇ ಲೈಬ್ರರಿಗೆ ಹೋಗುತ್ತಿದ್ದ ತಮ್ಮ.

ಕೃಷ್ಣಮ್ಮನೂ ಅದನ್ನೇ ಹೇಳಿದಳು. ಪರೀಕ್ಷೆ ಬೇಡ ಎಂದು ಅಪ್ಪ ಸ್ಕೂಲು ಬಿಡಿಸಲು ಹೊರಟಿದ್ದ. ಮುಂದಿನ ತಿಂಗಳು ಮದುವೆ ಮಾಡಲು ಮಾತಾಗಿತ್ತು. ಗಂಡಿಗೆ ನಲವತ್ತು ದಾಟಿತ್ತು. ನೆನೆಸಿಕೊಂಡರೆ ವಾಂತಿ ಬರುತ್ತಿತ್ತು, ಅದಕ್ಕೇ ಓಡಿಬಂದೆ ಎಂದಳು.

ಇನ್ಸ್‌ಪೆಕ್ಟರ್ ಆಂಜಿನಪ್ಪನ ಕಡೆ ತಿರುಗಿ, ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧ ಅನ್ನುವುದು ಗೊತ್ತಿಲ್ಲವೇ, ಗಂಡು ಯಾರು ಎಂದು ಗದರಿದರು. ಆಂಜಿನಪ್ಪ ಕಾಲಿಗಂಟಿದ ಹಣ್ಣನ್ನು ನೆಲಕ್ಕೆ ಉಜ್ಜತೊಡಗಿದ.

“ಎಸ್ರು ನಮ್ಗೂ ಏಳಿಲ್ಲ ಸಾಮಿ. ಏಳೋಕೇ ಏಸಿಗೆ ಪಡ್ತಾಳೆ,” ಎಂದ ಪಂಪಿನ ಮನೆಯಿಂದ ಬಂದು ನಿಂತಿದ್ದ ಚಿಕ್ಕಬೈರಪ್ಪ.

ಇನ್ಸ್‌ಪೆಕ್ಟರ್ ನಿಟ್ಟುಸಿರಿಟ್ಟು ಶ್ಯಾಮಣ್ಣನನ್ನು ನೋಡಿದರು. “ನೀವು ಓದಿದವ್ರು. ಈ ಅಪ್ಪನಿಗೆ ನೀವಾದ್ರೂ ನಾಲ್ಕು ಬುದ್ಧಿಮಾತು ಹೇಳಿ ಸಾರ್.”

“ಅವ್ರೇನು ಹೇಳ್ತಾರೆ ಸಾರ್,” ಎಂದಳು ಕೃಷ್ಣಮ್ಮ, “ಗಂಡು ಅವ್ರೇ.”