ದೂರುವಂಥದ್ದೇನೂ ಇಲ್ಲ

ರಾಜಮನೆತನದ ಡಚೆಸ್ ಬರಲು ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಮಿಸೆಸ್ ಪಿಕರಿಂಗ್ ಕೆಟ್ಟು ನಿಂತಿದ್ದ ಲಿಫ್ಟಿನ ಬಾಗಿಲಿಗೆ ರಾಜರ ದೊಡ್ಡ ಪಟ ತೂಗುಹಾಕಿಸಿದಳು. ಸುತ್ತ ಪುಟ್ಟ ಬಾವುಟಗಳ ಸರ. ಅಲ್ಲೊಂದು ಲಿಫ್ಟ್ ಇದೆ ಎಂದು ಆಣೆ ಮಾಡಿ ಹೇಳಿದರೂ ಈಗ ಯಾರೂ ನಂಬುವ ಹಾಗಿರಲಿಲ್ಲ. ಇಂಗ್ಲೆಂಡಿನ ಹಲ್ ಪಟ್ಟಣದ ಆ ವೃದ್ಧಾಶ್ರಮಕ್ಕೆ ಮೇಲ್ವಿಚಾರಕಿ ಅವಳು. ಮುಚ್ಚಿಡುವುದರಲ್ಲಿ ಎತ್ತಿದ ಕೈ.

"ನೆನಪಿದೆಯಲ್ಲ, ಸೆಕುರು?" ಗಾಲಿಕುರ್ಚಿಯಲ್ಲಿ ಕೂತಿದ್ದ ವಿಲ್ಫ್‌ನ ಟೈ ಸರಿಪಡಿಸುತ್ತ ರುಂಬಿ ಪಿಸುಗುಟ್ಟಿದಳು. ಜಿಂಬಾಬ್ವೆಯಿಂದ ಬಂದು ಇಲ್ಲಿ ಮುದುಕರ ಸೇವೆಗೆ ನಿಂತು ಅವಳಿಗೆ ಎರಡು ವರ್ಷ. ತನ್ನೂರಲ್ಲಿ ಅಜ್ಜನನ್ನು ಕರೆಯುವಂತೆಯೇ ಅವನನ್ನು ಕರೆಯುತ್ತಿದ್ದಳು.

"ನೆನಪಿರದೆ ಏನಮ್ಮ? ಬಂದರಲ್ಲಿ ಮೂವತ್ತು ವರ್ಷ ಯೂನಿಯನ್ ನಡೆಸಿದೋನು ನಾನು. ಎಂತೆಂಥಾ ಧಣಿಗಳ ನೀರಿಳಿಸಿದೀನಿ. ಈ ಡಚೆಸ್ ಯಾವ ಗಿಡದ ತೊಪ್ಪಲು? ಅವಳು ಬಂದ್ರೆ ಎದ್ದು ನಿಲ್ಲೋದೂ ಇಲ್ಲ."

"ನಿಮಗೆ ನಿಲ್ಲೋಕೆ ಆಗೋದೇ ಇಲ್ಲವಲ್ಲ."

"ಆಗಿದ್ರೂ ನಿಲ್ತಿರಲಿಲ್ಲ!"

ಅವನು ಹೇಳಬೇಕಿದ್ದದ್ದು ಒಂದೇ ಮಾತು. ಲಿಫ್ಟ್ ಕೆಟ್ಟು ಹನ್ನೊಂದು ವಾರ. ವಿಲ್ಫ್ ಕೆಳಗೆ, ಹೆಂಡತಿ ಎಡ್ನಾ ಹಾಸಿಗೆ ಹಿಡಿದು ಮಹಡಿಯ ಮೇಲೆ. ನಡುವೆ ಹದಿನೆಂಟು ಮೆಟ್ಟಿಲು. ಎತ್ತಿಕೊಂಡು ಹೋಗೋಣವೆಂದರೆ ನಿಯಮ ಬಿಡುವುದಿಲ್ಲ, ಬಿದ್ದರೆ ಯಾರು ಹೊಣೆ? ಇನ್ನೊಂದು ತಿಂಗಳು ಕಳೆದರೆ ಹೆಚ್ಚು ಎಂದು ಡಾಕ್ಟರು ಎಡ್ನಾಳ ವಿಷಯದಲ್ಲಿ ಕೈ ಚೆಲ್ಲಿದ್ದರು. ಸಂಸದರಿಗೆ ಬರೆದರೆ, ನಿಮ್ಮ ಕಳಕಳಿಯನ್ನು ಗಮನಿಸಲಾಗಿದೆ ಎಂಬ ಉತ್ತರ ಬಂದಿತ್ತು. ಅದೇ ಸಂಸದರು ಇವತ್ತು ಡಚೆಸ್ ಹಿಂದೆಯೇ ಬರುವವರಿದ್ದರು, ಪತ್ರಿಕೆಯವರೂ ಇರುತ್ತಿದ್ದರು. ಅಷ್ಟು ಜನರೆದುರು ಮಾತು ಬಿದ್ದರೆ ನಾಳೆ ಬೆಳಿಗ್ಗೆಯೇ ರಿಪೇರಿಯವನು ಓಡಿಬರುತ್ತಾನೆ. ರುಂಬಿಯೇ ಹೇಳಬಹುದಿತ್ತು. ಆದರೆ ಈ ದೇಶದಲ್ಲಿ ಅವಳ ವೀಸಾ ನಿಂತಿರುವುದು ಮಿಸೆಸ್ ಪಿಕರಿಂಗ್‌ಳ ಒಂದು ಸಹಿಯ ಮೇಲೆ.

ಡಚೆಸ್ ಬಂದರು. ಒಳ್ಳೆಯ ಹೆಂಗಸೇ. ಕುರ್ಚಿಯ ಮುಂದೆ ಮಂಡಿ ಬಗ್ಗಿಸಿ ಕೂತು, ವಿಲ್ಫ್‌ನ ಮುಖ ನೋಡುತ್ತ, "ಇಲ್ಲಿ ನಿಮಗೆ ಎಲ್ಲಾ ಅನುಕೂಲ ಇದೆಯಾ? ಸಂಕೋಚ ಬೇಡ, ಹೇಳಿ," ಎಂದರು. ಹೇಳಿ ಉತ್ತರಕ್ಕೆ ಕಾದರು ಕೂಡ. ತನ್ನ ಕೈಯಡಿಯಲ್ಲಿ ಮುದುಕನ ಭುಜ ಬಿಗಿಯುವುದು ರುಂಬಿಗೆ ಗೊತ್ತಾಯಿತು.

"ದೂರುವಂಥದ್ದೇನೂ ಇಲ್ಲ, ಮೇಡಂ," ಎಂದ ವಿಲ್ಫ್.

"ಮನೆಯವರು?"

"ಇದಾಳೆ ಮೇಡಂ. ಮದುವೆಯಾಗಿ ಐವತ್ತೆಂಟು ವರ್ಷ."

"ಐವತ್ತೆಂಟು! ಅದರ ಗುಟ್ಟೇನು, ನಮಗೂ ಹೇಳಿಕೊಡಿ."

ಬಾಗಿಲು ತಾನಾಗಿಯೇ ತೆರೆದಿದೆ, ಹೇಳು ಮಾರಾಯ, ಈಗ ಹೇಳು ಎಂದು ರುಂಬಿಯ ಜೀವ ಒದ್ದಾಡಿತು. ವಿಲ್ಫ್ ಗಂಟಲು ಸರಿಮಾಡಿಕೊಂಡ.

"ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳದೇ ಇರೋದು, ಮೇಡಂ."

ಕೋಣೆಗೆ ಕೋಣೆಯೇ ಗೊಳ್ಳೆಂದಿತು. ಸಂಸದರು ತೊಡೆ ತಟ್ಟಿಕೊಂಡು ನಕ್ಕರು, ಮಿಸೆಸ್ ಪಿಕರಿಂಗ್ ಕಣ್ಣೊರೆಸಿಕೊಂಡು ನಕ್ಕಳು, ಕ್ಯಾಮೆರಾಗಳು ಮಿಂಚಿದವು. ರುಂಬಿ ಬಾಯಿ ತೆರೆದಳು. ಡಚೆಸ್ ಅವಳತ್ತ ತಿರುಗಿ, "ನೀವು ತುಂಬಾ ದೂರದಿಂದ ಬಂದಿರೋದಾ?" ಎಂದರು. ಅವರ ಹೆಗಲಿನಾಚೆ ಮಿಸೆಸ್ ಪಿಕರಿಂಗ್‌ಳ ನಗು ಆರಿ, ಕಣ್ಣು ರುಂಬಿಯ ಮೇಲೆ ನೆಟ್ಟಿತ್ತು.

"ಹೌದು ಮೇಡಂ, ತುಂಬಾ ದೂರದಿಂದ," ಎಂದಳು ರುಂಬಿ, ಅಷ್ಟೇ.

ಕಾರುಗಳು ಹೋದ ಮೇಲೆ ಅವಳು ಕುರ್ಚಿಯನ್ನು ತನ್ನತ್ತ ತಿರುಗಿಸಿಕೊಂಡಳು. "ಯಾಕೆ ಹೇಳಲಿಲ್ಲ?"

ವಿಲ್ಫ್ ತನ್ನ ಮಂಡಿ ನೋಡಿಕೊಂಡ. "ಪಾಪ, ಅವರು ಈ ಚಳೀಲಿ ಅಷ್ಟು ದೂರದಿಂದ ಬಂದಿದ್ರು. ಎಷ್ಟು ಚೆನ್ನಾಗಿ ಮಾತಾಡಿಸಿದ್ರು ನೋಡು. ಬಂದೋರೆದುರು ರಂಪ ಮಾಡೋಕಾಗುತ್ತೇನಮ್ಮ?"

ರುಂಬಿಗೆ ತನ್ನೂರು ನೆನಪಾಯಿತು. ಅಲ್ಲಿಗೆ ಮಂತ್ರಿ ಬಂದಿದ್ದಾಗ ಹೆಂಗಸರೆಲ್ಲ ರಸ್ತೆಗೆ ಅಡ್ಡ ಮಲಗಿ, ಎದೆ ಬಡಿದುಕೊಂಡು ಕೂಗಿದ್ದರು. ಮಾನ ಹೋಗಿತ್ತು, ಊರಿಗೆ ಕೊಳವೆಬಾವಿ ಬಂದಿತ್ತು. ಇವರೋ, ಪ್ರಾಣ ಬೇಕಾದರೂ ಬಿಟ್ಟಾರು, ಎದುರಿಗಿದ್ದವರಿಗೆ ಮುಜುಗರ ಮಾಡುವವರಲ್ಲ. ತಾನೇನು ಕಡಿದು ಕಟ್ಟೆ ಹಾಕಿದೆ ಎಂಬುದೂ ನೆನಪಾಗಿ ಅವಳು ಮೆಟ್ಟಿಲು ಹತ್ತಿದಳು.

ಎಡ್ನಾ ದಿಂಬಿಗೆ ಒರಗಿ ಕೂತಿದ್ದಳು. ಮೈಮೇಲೆ ನೀಲಿ ಸ್ವೆಟರ್, ತುಟಿಗೆ ಬಣ್ಣ. ನಡುಗುವ ಕೈಯಿಂದ ತಾನೇ ಬಳಿದುಕೊಂಡದ್ದರಿಂದ ಬಣ್ಣ ಒಂದು ಕಡೆ ಗಲ್ಲದವರೆಗೂ ಇಳಿದಿತ್ತು.

"ಕೆಳಗೆ ಎಲ್ಲರೂ ನಗ್ತಿದ್ರಲ್ಲ, ನಮ್ಮೋನದೇ ಕಿತಾಪತಿ ತಾನೇ? ಏನಂದ?"

ರುಂಬಿಗೆ ಸುಳ್ಳು ಹೇಳಲು ಬರಲಿಲ್ಲ. ಕೇಳಿ ಎಡ್ನಾ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ರುಂಬಿ ನೀರು ಕುಡಿಸಿದಳು.

"ಲಿಫ್ಟಿನ ವಿಷಯ?"

"ಹೇಳಲಿಲ್ಲ."

ಎಡ್ನಾ ಬಾಯಿ ಒರೆಸು ಎನ್ನುವಂತೆ ಮುಖ ಮುಂದೆ ಚಾಚಿದಳು.

"ಸದ್ಯ," ಎಂದಳು. "ಅಷ್ಟು ಜನರ ಮುಂದೆ ಎಲ್ಲಿ ಅದನ್ನ ಎತ್ತಿಬಿಡ್ತಾನೋ ಅಂತ ಬೆಳಗ್ಗಿಂದ ನನಗೆ ಜೀವ ಬಾಯಿಗೆ ಬಂದಿತ್ತು ಕಣಮ್ಮ."