ಆಡಿದ ಕೈ

ಸುಮಿತಾ ಹದಿನೇಳನೇ ಸಲ ಸತ್ತಳು.

ಮಂಜು ಮುಸುಕಿದ ಜಪಾನಿ ಹಳ್ಳಿಯಲ್ಲಿ ಮುಖವಿಲ್ಲದ ಹೆಣಗಳು ಅವಳ ಗೊಂಬೆಯನ್ನು ಎಳೆದುಕೊಂಡು ಹೋದವು. ಪರದೆ ಕೆಂಪಾಯಿತು. ಗದ್ದೆಯ ಕಳೆ ಕಿತ್ತು ದಡ್ಡುಗಟ್ಟಿದ ಹೆಬ್ಬೆರಳಿಗೆ ಆಟದ ಗುಂಡಿಗಳು ಇನ್ನೂ ಒಗ್ಗಿರಲಿಲ್ಲ.

"ಹಾಳಾಗಿ ಹೋಗ್ಲಿ. ಇನ್ನೊಮ್ಮೆ," ಎಂದಳು.

"ಸಾಕು ಅಕ್ಕಾ. ಈ ವಯಸ್ಸಿಗೆ ಯೆಂತಾ ಹುಚ್ಚು ಇದು?" ತಮ್ಮ ಸಾಯಿನಾಥ ಹಿತ್ತಿಲ ಬಾಗಿಲಲ್ಲಿ ಕೂತು ಬಂಗಡೆ ಸೀಳುತ್ತಿದ್ದ. ಪ್ರತಿ ಭಾನುವಾರ ಕಾರವಾರದಿಂದ ಹಟ್ಟಿಕೇರಿಗೆ ಮೀನು ಹಿಡಿದುಕೊಂಡು ಬರುತ್ತಾನೆ. ಈಚೆಗೆ ಮಾತ್ರ ಉಣ್ಣದೆ ಹೋಗುತ್ತಾನೆ. ಬಸ್ಸಿನ ನೆವ.

ಹುಚ್ಚಲ್ಲ, ಹಟ. ಹೋದ ವರ್ಷ ಇದೇ ಊರಿನ ಹೆದ್ದಾರಿಯಲ್ಲಿ, ಸಂಜೆ ಆರೂವರೆಗೆ, ಅವಳ ಗಂಡ ಬಾಳಾನ ಸೈಕಲ್ಲಿಗೆ ಬಿಳಿ ಕಾರೊಂದು ಗುದ್ದಿತು. ನಿಲ್ಲಲಿಲ್ಲ. ರಸ್ತೆ ಬದಿಯಲ್ಲಿ ಮೀನು ಮಾರುತ್ತಿದ್ದ ಬೊಮ್ಮು ಕಣ್ಣಾರೆ ಕಂಡಿದ್ದಳು. ಕಾರು ನಡೆಸುತ್ತಿದ್ದವನು ಹಬ್ಬುವಾಡದ ಕೇಶವ.

ಕೇಶವನ ಬಳಿ ಉತ್ತರ ಸಿದ್ಧವಿತ್ತು. ಆ ಹೊತ್ತಿಗೆ ಅವನು ಮನೆಯಲ್ಲಿ ಈ ಆಟ ಆಡುತ್ತಿದ್ದನಂತೆ. ಹಳೆಯ ಜಪಾನಿ ಭೂತದಾಟ, ಈಚೆಗೆ ಹೊಸದಾಗಿ ಕಟ್ಟಿ ಮಾರುಕಟ್ಟೆಗೆ ಬಿಟ್ಟದ್ದು. ಐದರಿಂದ ಎಂಟರವರೆಗೆ ಅವನ ಚಾನೆಲ್ಲಿನಲ್ಲಿ ನೇರಪ್ರಸಾರ. ಸಾವಿರಾರು ಜನ ಸಾಕ್ಷಿ. ಮುಖ ಕಾಣಲಿಲ್ಲ, ಧ್ವನಿಯೂ ಇರಲಿಲ್ಲ. 'ಗಂಟಲು ಕೆಟ್ಟಿದೆ' ಎಂದು ಕೆಳಗೆ ಬರೆದಿತ್ತು. ಅಷ್ಟೇ ಸಾಕಾಯಿತು. ಬೊಮ್ಮುವಿಗೆ ಕಣ್ಣು ಮಂಜು ಎಂದು ಕೇಸು ಮುಚ್ಚಿದರು.

ಆಡಿದವನು ಬೇರೆ ಯಾರೋ. ಸುಮಿತಾಳಿಗೆ ಅದು ಮೊದಲ ದಿನವೇ ಗೊತ್ತು. ಆ ಒಬ್ಬ ಬಾಯಿ ಬಿಟ್ಟರೆ ಕೇಶವ ಜೈಲಿಗೆ. ಬಿಡದಿದ್ದರೆ ಬಾಳಾನ ಸಾವು ಬೀದಿನಾಯಿಯ ಸಾವು.

ಅದಕ್ಕೇ ಗ್ರಾಮದೇವಿಯ ಮುಂದೆ ಕಾಯಿ ಇಟ್ಟು ಗಾರಾಣೆ ಹಾಕಿ ಶಪಿಸಿದ್ದಳು. "ತಾಯೇ, ಆಟ ಆಡ್ದ ಆ ಎರಡು ಕೈ ಅನ್ನದ ತುತ್ತು ಎತ್ತೂಕಾಗ್ದೆ ಬಿದ್ದು ಹೋಗ್ಲಿ. ಯಾವ ತಾಯಿ ಹೆತ್ತ ಮಗನೇ ಆಗಿರ್ಲಿ, ಬಿಡಬೇಡ!" ಹರಿವಾಣ ಹಿಡಿದು ಪಕ್ಕದಲ್ಲಿ ನಿಂತಿದ್ದವನು ಸಾಯಿನಾಥ. ಅವನ ಮೊಬೈಲ್ ರಿಪೇರಿ ಅಂಗಡಿ ಇರುವುದು ಕೇಶವನ ಅಪ್ಪನ ಕಟ್ಟಡದಲ್ಲಿ. ಆದರೂ ಅಕ್ಕನ ಕೈ ಬಿಡಲಿಲ್ಲವೆಂದು ಊರೇ ಹೊಗಳಿತ್ತು.

ದಿನಾ ತುಳಸಿಗೆ ನೀರೆರೆಯುವಾಗಲೂ ಅವಳದು ಅದೇ ಶಾಪ. ಹಣಕೋಣದ ತವರಿನಲ್ಲಿ ತುಳಸಿಕಟ್ಟೆ ಬಾವಿಗೆ ಅಂಟಿಕೊಂಡಿತ್ತು. ಅರ್ಧ ಸುತ್ತಿ, ಬಂದ ದಾರಿಯಲ್ಲೇ ತಿರುಗಬೇಕೆಂದು ಅವ್ವ ದುರ್ಗಿ ಕಲಿಸಿದ್ದಳು. ಇಲ್ಲಿ ಕಟ್ಟೆಯ ಸುತ್ತ ಅಂಗಳವೆಲ್ಲ ಖಾಲಿ. ಕಾಲು ಮಾತ್ರ ಹಳೆಯ ದಾರಿ ಬಿಡಲಿಲ್ಲ. "ದೇವ್ರಿಗೂ ಅರ್ಧ ಕೂಲಿಯಾ?" ಎಂದು ಬಾಳಾ ನಗುತ್ತಿದ್ದ. ನಗುವ ಆ ಬಾಯನ್ನೇ ಮಣ್ಣು ಮಾಡಿದರಲ್ಲ, ಪಾಪಿಗಳು!

ಪಕ್ಕದ ಮನೆಯ ರೂಪಾಲಿ ಅಂಕೋಲೆಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಆಟದ ಯಂತ್ರ ಅವಳದೇ. "ನಡಿಗೆ ನೋಡಿ ಜನರ ಗುರುತು ಹಿಡೀತೇವಲ್ಲ, ಆಟವೂ ಹಾಂಗೇ. ಮೊದ್ಲು ನೀವು ಆಡೂಕೆ ಕಲೀರಿ," ಎಂದಿದ್ದಳು. ಸುಮಿತಾಳ ಗುಮಾನಿಯೆಲ್ಲ ಕೇಶವನ ಜೀವದ ಗೆಳೆಯ ಗಿರಿಧರನ ಮೇಲೆ. ಅವನು ಇದೇ ಆಟ ಆಡಿದ ವೀಡಿಯೊಗಳನ್ನು ಹುಡುಕಿ ತರಲು ಇವತ್ತು ರೂಪಾಲಿಗೆ ಹೇಳಿದ್ದಳು.

"ಆಟ ಆಡ್ದವ್ನಿಗೆ ರಸ್ತೆ ಮೇಲೆ ಆದದ್ದು ಗೊತ್ತೇ ಇರೂಕಿಲ್ಲ ಅಕ್ಕಾ," ಎಂದ ಸಾಯಿನಾಥ, ಮೀನು ತೊಳೆಯುತ್ತ.

"ಮರುದಿನ ಗೊತ್ತಾಯ್ತಲ್ಲ? ವರ್ಷ ಆಯ್ತಲ್ಲ? ಅನ್ನ ಹೆಂಗೆ ಇಳೀತದೆ ಅವ್ನ ಗಂಟ್ಲಲ್ಲಿ?"

"ಹೆದ್ರಿಕೆ ಇರ್ಬಹುದು."

"ನನ್ನ ಕೈಗೆ ಸಿಗ್ಲಿ. ಹೆದ್ರಿಕೆ ಅಂದ್ರೆ ಯೆಂತದು ಅಂತ ತೋರಿಸ್ತೆ."

ಅಷ್ಟರಲ್ಲಿ ರೂಪಾಲಿ ಬಂದಳು. ಸಾಯಿನಾಥ ಎದ್ದು ಮೀನಿನ ಪಾತ್ರೆ ಒಳಗಿಟ್ಟು ಕೈ ತೊಳೆಯಲು ಹೊರಟ. "ಉಂಡ್ಕಂಡು ಹೋಗಾ," ಎಂದಳು ಸುಮಿತಾ. "ಬಸ್ಸು ತಪ್ತದೆ ಅಕ್ಕಾ," ಎಂದ.

ರೂಪಾಲಿ ಎರಡು ವೀಡಿಯೊಗಳನ್ನು ಅಕ್ಕಪಕ್ಕ ಹಾಕಿದಳು. ಒಂದು ಗಿರಿಧರನದು, ಇನ್ನೊಂದು ಬಾಳಾ ಸತ್ತ ಸಂಜೆಯದು. ಆ ಆಟದಲ್ಲಿ ಅಲ್ಲಲ್ಲಿ ಅಂಗಳದ ನಡುವೆ ಒಂದು ಕಲ್ಲುದೀಪ. ಅದನ್ನು ಮುಟ್ಟಿದರೆ ಅಲ್ಲಿಯವರೆಗಿನ ಆಟ ಉಳಿಯುತ್ತದೆ. ಗಿರಿಧರ ದೀಪ ಮುಟ್ಟಿದ, ಓಡಿದ. ಮತ್ತೆ ಮುಟ್ಟಿದ, ಓಡಿದ.

"ಇವ ಅಲ್ಲ ಸುಮಿತಕ್ಕಾ," ಎಂದಳು ರೂಪಾಲಿ.

"ಹೆಂಗೆ ಹೇಳ್ತೆ?"

"ಆ ಸಂಜೆ ಆಡ್ದವ್ನನ್ನ ನೋಡಿ. ಪ್ರತಿ ಸಲ ದೀಪಕ್ಕೆ ಅರ್ಧ ಸುತ್ತು ಹಾಕಿ, ಬಂದ ದಾರೀಲೇ ತಿರುಗ್ತಾನೆ. ಹನ್ನೊಂದು ಸಲ ಎಣಿಸ್ದೆ. ಹೆಣಗಳು ಬೆನ್ನು ಹತ್ತಿದಾಗ್ಲೂ ಬಿಡ್ಲಿಲ್ಲ. ಅದ್ರಿಂದ ಆಟದಲ್ಲಿ ಯೆಂತಾ ಲಾಭವೂ ಇಲ್ಲ."

ಸುಮಿತಾ ಈ ವೀಡಿಯೊವನ್ನು ನೂರು ಸಲ ನೋಡಿದ್ದಳು. ಅದೊಂದು ಮಾತ್ರ ಅವಳ ಕಣ್ಣಿಗೆ ವಿಚಿತ್ರವಾಗಿ ಕಂಡಿರಲೇ ಇಲ್ಲ. "ಎಲ್ರೂ ಹಾಂಗೇ ಅಲ್ದಾ ಆಡೂದು?"

"ಯಾರೂ ಆಡೂದಿಲ್ಲ ಮಾರಾಯ್ತಿ. ನೀವೊಬ್ರು ಬಿಟ್ಟು!"

ಸುಮಿತಾ ಧಡಕ್ಕನೆ ಎದ್ದಳು. ಕಡೆಗೂ ಕಳ್ಳನ ಜುಟ್ಟು ಕೈಗೆ ಬಂದಿತ್ತು. ಇನ್ನು ಅವನು ಪಾತಾಳದಲ್ಲಿ ಅಡಗಿದರೂ ಬಿಡುವವಳಲ್ಲ. ದೇವಿ ಕಣ್ಣು ಬಿಟ್ಟಳು, ಈ ಸುದ್ದಿಯನ್ನು ಮೊದಲು ಹೇಳಬೇಕಾದದ್ದು ತಮ್ಮನಿಗೆ. "ಸಾಯೀ, ನಿಲ್ಲಾ! ಗುರುತು ಸಿಕ್ತು!" ಎಂದು ಕೂಗುತ್ತ ಕಿಟಕಿಗೆ ಓಡಿದಳು.

ಹೊರಡುವ ಮೊದಲು ತುಳಸಿಗೆ ಕೈಮುಗಿದ ಸಾಯಿನಾಥ, ಸುತ್ತ ಅಷ್ಟು ಅಂಗಳ ಖಾಲಿ ಬಿದ್ದಿದ್ದರೂ, ಕಟ್ಟೆಗೆ ಅರ್ಧ ಸುತ್ತು ಹಾಕಿ ಬಂದ ದಾರಿಯಲ್ಲೇ ತಿರುಗಿದ.